ಪದಚರ್ಚೆ: ಸಂದೇಶಗಳಲ್ಲಿ ಅವಗ್ರಹ (ಽ) – ‘ಹೌದಾಽ’ ಎಂದು ಬರೆದಾಗ ಓದುಗರಿಗೆ ಯಾವ ಧಾಟಿ ಕೇಳಿಸುತ್ತದೆ?

ಮಾನ್ಯರೇ,

ಮೊಬೈಲ್ ಸಂದೇಶಗಳಲ್ಲಿಯೂ ಜಾಲತಾಣದ ಬರಹಗಳಲ್ಲಿಯೂ ಮಾತಿನ ಧಾಟಿಯನ್ನು ತೋರಿಸಲು ಕೆಲವರು ಅವಗ್ರಹವನ್ನು ಬಳಸುತ್ತಿದ್ದಾರೆ. ಈ ಬಳಕೆಯ ಅರ್ಥವನ್ನೂ ಬರೆಯುವ ಕ್ರಮವನ್ನೂ ಕುರಿತು ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಸಂಸ್ಕೃತದಲ್ಲಿ ಈ ಚಿಹ್ನೆಯ ಕೆಲಸವೇ ಬೇರೆ. ‘ಸಃ’ ಮತ್ತು ‘ಅಹಮ್’ ಸೇರಿ ‘ಸೋಽಹಮ್’ ಆದಾಗ ಲೋಪವಾದ ಅಕಾರದ ಗುರುತಾಗಿ ಅದು ನಿಲ್ಲುತ್ತದೆಯೇ ಹೊರತು ಅದಕ್ಕೆ ಸ್ವಂತ ಉಚ್ಚಾರಣೆಯಿಲ್ಲ. ಕನ್ನಡದ ಅಚ್ಚಿನಲ್ಲಾದರೋ, ನಾಟಕದ ಸಂಭಾಷಣೆಗಳಲ್ಲಿ ಮತ್ತು ಹಾಡುಗಳಲ್ಲಿ, ಅದು ಸ್ವರದ ಎಳೆತವನ್ನು ಸೂಚಿಸುತ್ತ ಬಂದಿದೆ. ವ್ಯಾಕರಣವು ಮೂರು ಮಾತ್ರೆಯ ಪ್ಲುತವೆಂದು ಕರೆದು, ಅಕ್ಷರದ ಮುಂದೆ ಮೂರರ ಅಂಕಿಯನ್ನಿಟ್ಟು ತೋರಿಸುತ್ತಿದ್ದ ಎಳೆತದ ಹೊಣೆಯನ್ನು ಹೀಗೆ ಅವಗ್ರಹವೇ ವಹಿಸಿಕೊಂಡಂತಿದೆ.

ಈಗ ‘ಹೌದಾ’ ಎಂಬ ಒಂದೇ ಮಾತನ್ನು ನೋಡೋಣ. ‘ಹೌದಾ?’ ಎಂಬುದು ಬರಿಯ ಪ್ರಶ್ನೆ; ‘ಹೌದಾ!’ ಎಂಬುದು ಅಚ್ಚರಿ, ‘ಹೌದಾ...’ ಎಂದರೆ ಹೇಳಿದವರ ಮನಸ್ಸಿಗೆ ಏನೋ ನೋವಾಗಿದೆ, ಅಥವಾ ಅವರಿಗೆ ಅನುಮಾನವಿದೆ ಎನಿಸುತ್ತದೆ. ‘ಹೌದಾಽ’ ಎಂದಾಗ ನನ್ನ ಕಿವಿಗೆ ಕೇಳಿಸುವುದು ಸಲುಗೆಯ ಅಪನಂಬಿಕೆ, ‘ಸಾಕು ಬಿಡು, ನನಗೆಲ್ಲ ಗೊತ್ತು’ ಎಂಬ ಧಾಟಿ. ಆದರೆ ‘ಅಮ್ಮಾಽ’ ಎಂಬಲ್ಲಿ ಅದೇ ಚಿಹ್ನೆ ದೂರದ ಕರೆಯೂ ಆಗಬಹುದು, ಗೋಗರೆತವೂ ಆಗಬಹುದು. ‘ಭಾಽರೀ ಬುದ್ಧಿವಂತ’ ಎಂಬಲ್ಲಿ ಸ್ಪಷ್ಟವಾದ ಕೊಂಕು. ಆದ್ದರಿಂದ ಚಿಹ್ನೆಯು ಹೇಳುವುದು ಎಳೆತವನ್ನು ಮಾತ್ರ, ಭಾವವನ್ನು ಸಂದರ್ಭವೇ ತುಂಬಿಕೊಡುತ್ತದೆ ಎಂಬುದು ನನ್ನ ತಿಳಿವಳಿಕೆ.

ಇದಕ್ಕೊಂದು ಮಿತಿಯೂ ಇದೆ. ‘ದೊಡ್ಡ ಮನುಷ್ಯ’ ಎಂದು ಕೊಂಕಾಗಿ ಆಡುವಾಗ ನಾವು ಒತ್ತಿ ಹಿಡಿಯುವುದು ಸ್ವರವನ್ನಲ್ಲ, ಡಕಾರದ ದ್ವಿತ್ವವನ್ನು. ಅವಗ್ರಹಕ್ಕೆ ಅದು ದಕ್ಕುವುದಿಲ್ಲ; ‘ದೊಡ್ಡ್ಡ’ ಎಂದು ಒತ್ತಕ್ಷರಗಳನ್ನು ಪೇರಿಸಿದರೆ ಓದುವುದೇ ಕಷ್ಟ.

ಧಾಟಿಗಾಗಿ ಹೊಸ ಚಿಹ್ನೆಯನ್ನೇ ರೂಪಿಸಬಹುದಲ್ಲ ಎಂದು ಯಾರಾದರೂ ಕೇಳಿದರೆ, ಅದರ ಬಗ್ಗೆ ನನಗೆ ಭರವಸೆಯಿಲ್ಲ. ಅಮೆರಿಕದ ಜಾಹೀರಾತು ಕ್ಷೇತ್ರದ ಮಾರ್ಟಿನ್ ಸ್ಪೆಕ್ಟರ್ ಅವರು 1962ರಲ್ಲಿ ಪ್ರಶ್ನೆ ಮತ್ತು ಆಶ್ಚರ್ಯದ ಚಿಹ್ನೆಗಳನ್ನು ಒಂದರಲ್ಲೊಂದು ಬೆಸೆದು ‘‽’ ಎಂಬುದನ್ನು ಸೂಚಿಸಿದರು. ಅದಕ್ಕೆ ಟೈಪ್‌ರೈಟರಿನಲ್ಲಿ ಕೀಲಿಯೂ, ಮುಂದೆ ಗಣಕದ ಅಕ್ಷರಸಂಕೇತ ವ್ಯವಸ್ಥೆಯಾದ ಯುನಿಕೋಡ್‌ನಲ್ಲಿ ಸ್ಥಾನವೂ ದೊರೆತವು, ಆದರೂ ಅದು ದಿನಬಳಕೆಗೆ ಇಳಿಯಲಿಲ್ಲ. ಅವಗ್ರಹವಾದರೆ ನಮ್ಮ ಓದುಗರು ಆಗಲೇ ಬಲ್ಲ ಚಿಹ್ನೆ.

ಕೀಲಿಮಣೆಯಲ್ಲಿ ಅವಗ್ರಹ ಸಿಗದವರು ಅದರ ಬದಲು ಇಂಗ್ಲಿಷಿನ ‘ಎಸ್’ ಅಕ್ಷರವನ್ನು ಹಾಕುವುದು ಮಾತ್ರ ನಿಲ್ಲಬೇಕು. ನೋಟಕ್ಕೆ ಎರಡೂ ಹೋಲುತ್ತವೆ, ಆದರೆ ಯುನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತಗಳಿರುವುದರಿಂದ, ದೃಷ್ಟಿಹೀನರಿಗಾಗಿ ಪಠ್ಯವನ್ನು ಓದಿ ಹೇಳುವ ತಂತ್ರಾಂಶವು ‘ಹೌದಾ’ ಎಂಬುದರ ಬೆನ್ನಿಗೇ ‘ಎಸ್’ ಎಂದು ಉಚ್ಚರಿಸಿಬಿಡಬಹುದು.

ನನ್ನ ಪ್ರಶ್ನೆಗಳಿಷ್ಟು. ಎಳೆತಕ್ಕೆ ‘ಹೌದಾಽ’ ಎಂದು ದೀರ್ಘದ ಮೇಲೆ ಅವಗ್ರಹವನ್ನು ಹಾಕುವುದು ಸರಿಯೋ, ‘ಹೌದಽ’ ಎಂದು ಹ್ರಸ್ವದ ಮೇಲೆ ಹಾಕಿದರೆ ಸಾಕೋ? ಅದರ ಮುಂದೆ ಪ್ರಶ್ನಾರ್ಥಕವೂ ಬೇಕೆ? ಧಾರವಾಡ, ಮಂಗಳೂರು, ಮೈಸೂರು ಕಡೆಗಳಲ್ಲಿ ಎಳೆತದ ರೀತಿಯೇ ಬೇರೆಯಾಗಿರುವುದರಿಂದ, ಆಯಾ ಭಾಗದವರು ‘ಹೌದಾಽ’ ಎಂಬುದನ್ನು ಯಾವ ಧಾಟಿಯಲ್ಲಿ ಓದಿಕೊಳ್ಳುತ್ತಾರೆಂಬುದನ್ನು ಉದಾಹರಣೆ ಸಹಿತ ತಿಳಿಸಬೇಕಾಗಿ ವಿನಂತಿ.