ಗಾಣದ ಎಣ್ಣೆ ಪಾಂಪ್ಲೆಟ್‌ಗೆ ಹೆಡ್‌ಲೈನ್ ಏನು ಹಾಕಿಸಲಿ?

ಗಾಣದ ಹುಡುಗ, ತುಮಕೂರು:
ನಮ್ಮದು ಮರದ ಗಾಣ, ಕಡ್ಲೆಕಾಯಿ ಎಣ್ಣೆ. ಬೀಜ ಪಾವಗಡ, ಶಿರಾ ಕಡೆಯಿಂದ ಬರುತ್ತದೆ. ಹೊಸ ಬಡಾವಣೆಗಳಿಗೆ ಪೇಪರ್ ಒಳಗಿಟ್ಟು ಪಾಂಪ್ಲೆಟ್ ಹಂಚಿಸಬೇಕು. ಪ್ರೆಸ್‌ನವರು ಬರೆದುಕೊಟ್ಟಿದ್ದು ಇದು: "ಪರಿಶುದ್ಧ, ಸಾಂಪ್ರದಾಯಿಕ, ಆರೋಗ್ಯಕರ ಗಾಣದ ಎಣ್ಣೆ! ಇಂದೇ ಭೇಟಿ ನೀಡಿ!!" ಯಾಕೋ ಸಪ್ಪೆ ಅನಿಸುತ್ತದೆ. ಪ್ಯಾಕೆಟ್ ಎಣ್ಣೆಗಿಂತ ನಮ್ಮ ರೇಟು ಜಾಸ್ತಿ, ಅದೇ ಚಿಂತೆ.

ಮಲ್ನಾಡ್ ಮಂದಿ:
"ಶುಗರ್, ಬಿಪಿಗೆ ಗಾಣದ ಎಣ್ಣೆಯೇ ಮದ್ದು" ಅಂತ ದಪ್ಪಕ್ಷರದಲ್ಲಿ ಹಾಕಿಸಿ ಗುರು. ಜನ ಕ್ಯೂ ನಿಲ್ಲುತ್ತಾರೆ.

ಹಳೇ ಕಾಪಿರೈಟರ್:
ದಯವಿಟ್ಟು ಅದೊಂದು ಮಾತ್ರ ಬೇಡ. ತಿನ್ನುವ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಅಂತ ಜಾಹೀರಾತಿನಲ್ಲಿ ಹೇಳುವ ಹಾಗಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಪ್ಯೂರ್, ನ್ಯಾಚುರಲ್, ಟ್ರೆಡಿಷನಲ್ ಅನ್ನುವುದಕ್ಕೂ 2018ರ ನಿಯಮಗಳಲ್ಲಿ ಷರತ್ತುಗಳಿವೆ. ಪ್ರೆಸ್‌ನವರ ಸಾಲನ್ನೂ ಆ ಕಣ್ಣಲ್ಲಿ ಒಮ್ಮೆ ನೋಡಿ.

ಕಾನೂನು ಬಿಡಿ. ಆ ಸಾಲಿನಲ್ಲಿ ಗಾಣ ತೆಗೆದು ತುಪ್ಪ ಹಾಕಿ, ಜೇನು ಹಾಕಿ, ನಡೆಯುತ್ತದೆ. ಯಾರಿಗೆ ಬೇಕಾದರೂ ಹೊಂದುವ ಹೆಡ್‌ಲೈನ್ ನಿಮ್ಮದಾಗುವುದು ಹೇಗೆ?

1958ರಲ್ಲಿ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಸಾಲು ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ. ಗಂಟೆಗೆ 60 ಮೈಲಿ ವೇಗದಲ್ಲೂ ಕಾರಿನೊಳಗೆ ಕೇಳುವ ದೊಡ್ಡ ಸದ್ದು ಗಡಿಯಾರದ್ದೇ ಅಂತ. ಅದು ಅವರ ಕಲ್ಪನೆಯೇ ಅಲ್ಲ. ಕಾರು ಓಡಿಸಿ ನೋಡಿದ ಒಂದು ಮೋಟಾರು ಪತ್ರಿಕೆ ಬರೆದಿದ್ದ ಮಾತು. ಹೆಡ್‌ಲೈನ್ ಹೊಳೆಯುವುದಕ್ಕಿಂತ ಸಿಗುವುದೇ ಜಾಸ್ತಿ. ನಿಮ್ಮದು ನಿಮ್ಮ ಗಲ್ಲಾ ಮುಂದೆಯೇ ಸಿಗುತ್ತದೆ. ಮೊದಲ ಸಲ ಬಂದವರು ಏನು ಕೇಳುತ್ತಾರೆ? ಅವರದೇ ಮಾತಿನಲ್ಲಿ ಇಲ್ಲಿ ಬರೆಯಿರಿ.

ಗಾಣದ ಹುಡುಗ:
ಎರಡೇ ಪ್ರಶ್ನೆ ಸರ್. "ಯಾಕಪ್ಪಾ ಇಷ್ಟು ರೇಟು?" ಆಮೇಲೆ "ಬಾಟ್ಲಿ ತಳದಲ್ಲಿ ಗಸಿ ಇದೆಯಲ್ಲ, ಏನಾದ್ರೂ ಬೆರೆಸಿದ್ದೀರಾ?" ಒಂದು ಲೀಟರ್ ಎಣ್ಣೆ ಇಳಿಯಬೇಕಾದರೆ ಎರಡೂವರೆ ಕೆಜಿ ಹತ್ತಿರ ಬೀಜ ಬೇಕು. ಅದನ್ನು ಹೇಳಿದರೆ ಸುಮ್ಮನಾಗುತ್ತಾರೆ. ಗಸಿ ಬರುವುದು ನಾವು ರಿಫೈನ್ ಮಾಡದೆ, ತಿಳಿಯಾಗಲು ಬಿಟ್ಟು ತುಂಬಿಸುವುದರಿಂದ.

ಹಳೇ ಕಾಪಿರೈಟರ್:
ಹೆಡ್‌ಲೈನ್ ಆಯ್ತಲ್ಲ!

"ಒಂದು ಲೀಟರ್ ಎಣ್ಣೆಗೆ ಎರಡೂವರೆ ಕೆಜಿ ಕಡ್ಲೆಬೀಜ. ಲೆಕ್ಕ ನೀವೇ ಹಾಕಿ."

ಮನೆ ನಡೆಸುವವರಿಗೆ ಬೀಜದ ರೇಟು ಗೊತ್ತಿರುತ್ತದೆ. ಓದಿದ ಕೂಡಲೇ ಮನಸ್ಸಿನಲ್ಲೇ ಗುಣಿಸುತ್ತಾರೆ. ಆಮೇಲೆ ಅಗ್ಗದ ಎಣ್ಣೆ ಮೇಲೆ ಅನುಮಾನ ಬಂದರೆ ಅದು ಅವರದೇ ಅನುಮಾನ, ನೀವು ಯಾರನ್ನೂ ಬೈದಿಲ್ಲ. ಒಂದೇ ಮಾತು: ನಾಲ್ಕಾರು ಸಲ ಗಾಣಕ್ಕೆ ಹಾಕುವ ಬೀಜ, ಇಳಿದ ಎಣ್ಣೆ ಎರಡನ್ನೂ ತೂಗಿ ನೋಡಿ, ಬಂದ ಲೆಕ್ಕವನ್ನೇ ಹಾಕಿಸಿ. ಕೆಳಗೆ ಚಿಕ್ಕದಾಗಿ "ಗಾಣ ತಿರುಗುವಾಗ ಬಂದು ನೋಡಿ" ಅಂತ ಸಮಯ ಕೊಡಿ. ಗಸಿ ವಿಷಯ ಪಾಂಪ್ಲೆಟ್‌ಗೆ ಬೇಡ, ಬಾಟ್ಲಿ ಮೇಲೆ ಅಂಟಿಸಿ. ಇನ್ನೂ ಕೊಳ್ಳದವರಿಗೆ ಆ ಪ್ರಶ್ನೆಯೇ ಹುಟ್ಟಿರುವುದಿಲ್ಲ.

ಇನ್ನು ಪ್ರೆಸ್‌ನವರ ಕೈಯಿಂದ ಈ ಹೆಡ್‌ಲೈನನ್ನು ಉಳಿಸಿಕೊಳ್ಳಬೇಕು. ಅವರು ಮೇಲೆ ದೇವರ ಹೆಸರಿನ ಜೊತೆ "ಪ್ರಸನ್ನ" ಹಾಕಿ, ಅದರ ಕೆಳಗೆ ಅಂಗಡಿ ಹೆಸರು ಬಿಲ್ಲಿನ ಹಾಗೆ ಬಾಗಿಸಿದರೆ, ಹೆಡ್‌ಲೈನಿಗೆ ಉಳಿಯುವುದು ಒಂದು ಬೆರಳು ಜಾಗ! ದೇವರು ಮೇಲಿರಲಿ, ಚಿಕ್ಕದಾಗಿ. ಅಂಗಡಿ ಹೆಸರು ಪಾಂಪ್ಲೆಟ್‌ನ ತಳಕ್ಕೆ ಹೋಗಲಿ. ಅಕ್ಷರಕ್ಕೆ ನೆರಳು, ಔಟ್‌ಲೈನ್ ಬೇಡ. "ಕಡ್ಲೆ", "ಎಣ್ಣೆ", "ಲೆಕ್ಕ" ಎಲ್ಲದರಲ್ಲೂ ಒತ್ತಕ್ಷರ ಇದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಕಲಸಿಹೋಗುತ್ತದೆ. ಪ್ರೂಫನ್ನು ಮೊಬೈಲಲ್ಲಿ ನೋಡಬೇಡಿ, ಪ್ರಿಂಟ್ ತೆಗೆಸಿ.

ಮಲ್ನಾಡ್ ಮಂದಿ:
ಒಪ್ಪಿದೆ ಸರ್. ಆದರೆ ಇದೇ ಓಡುತ್ತದೆ ಅಂತ ಏನು ಗ್ಯಾರಂಟಿ?

ಹಳೇ ಕಾಪಿರೈಟರ್:
ಗ್ಯಾರಂಟಿ ಯಾರೂ ಕೊಡಲ್ಲ. ಅರ್ಧ ಬಿಳಿ ಕಾಗದದಲ್ಲಿ ಈ ಸಾಲು, ಇನ್ನರ್ಧ ಹಳದಿಯಲ್ಲಿ ಪ್ರೆಸ್‌ನವರ ಸಾಲು, "ಆರೋಗ್ಯಕರ" ತೆಗೆದು. ಎರಡನ್ನೂ ಬೆರೆಸಿ ಅದೇ ಬೀದಿಗಳಿಗೆ ಹಂಚಿಸಿ. ಪಾಂಪ್ಲೆಟ್ ತಂದವರಿಗೆ ಐದು ರೂಪಾಯಿ ಕಡಿಮೆ ಅನ್ನಿ. ಯಾವ ಬಣ್ಣ ಎಷ್ಟು ಬಂತು ಅಂತ ತಿಂಗಳ ಕೊನೆಗೆ ಎಣಿಸಿ.

ಗಾಣದ ಹುಡುಗ:
ನಾಳೆಯೇ ತಕ್ಕಡಿ ಹಿಡಿಯುತ್ತೇನೆ ಸರ್. ದೇವರನ್ನು ಚಿಕ್ಕದು ಮಾಡುವುದಕ್ಕೆ ಮಾತ್ರ ಅಪ್ಪನನ್ನು ನೀವೇ ಒಪ್ಪಿಸಬೇಕು.