ರಾಗಿಯ ನಾರು ಸೀಸವನ್ನು ತಡೆಯುತ್ತಾ, ಕಬ್ಬಿಣಾಂಶವನ್ನು ಕಿತ್ತುಕೊಳ್ಳುತ್ತಾ? ಅನುಭವ ಇದ್ದವರು ಹೇಳಿ

ಹಳೇ ಮನೆಯವಳು, ಮೈಸೂರು
ನಮ್ಮದು 60 ವರ್ಷದ ಮನೆ. ಯುಗಾದಿಗೆ ಕಿಟಕಿಗಳ ಹಳೇ ಬಣ್ಣ ಉಜ್ಜಿಸಿದೆವು, ಹಳೇ ಬಣ್ಣದಲ್ಲಿ ಸೀಸ ಇರುತ್ತಂತೆ. ಆಮೇಲೆ ಮೂರು ವರ್ಷದ ಮಗಳಿಗೆ ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 8 ಮೈಕ್ರೋಗ್ರಾಂ, ಹಿಮೋಗ್ಲೋಬಿನ್ 9.2. ಡಾಕ್ಟರು ಕಬ್ಬಿಣದ ಸಿರಪ್ ಬರೆದಿದ್ದಾರೆ. ರಾಗಿ ಗಂಜಿಯ ನಾರು ಸೀಸವನ್ನೆಲ್ಲ ಎಳೆದು ಹಾಕುತ್ತೆ ಅಂತಾರೆ ಅತ್ತೆ. ರಾಗಿ ಕೊಟ್ಟರೆ ಸಿರಪ್ ದಂಡ ಅಂತಾಳೆ ತಂಗಿ. ನೀವು ಏನು ಮಾಡಿದಿರಿ?

ಪಾಂಡವಪುರದ ಅಕ್ಕ
ನನ್ನ ಕಥೆ ಕೇಳು ತಾಯಿ. ಎರಡನೇ ಹೆರಿಗೆ ಆದ ಮೇಲೆ ನನಗೆ ಹಿಮೋಗ್ಲೋಬಿನ್ 7.8. ಎರಡು ಹೊತ್ತೂ ಮುದ್ದೆ, ಬಸ್ಸಾರು. ಉಂಡು ಕೈ ತೊಳೆದ ತಕ್ಷಣ ಒಂದು ಲೋಟ ಟೀ. ಮಾತ್ರೆಯನ್ನೂ ಅದೇ ಟೀಯಲ್ಲಿ ನುಂಗುತ್ತಿದ್ದೆ. ನಾಲ್ಕು ತಿಂಗಳು ನುಂಗಿದರೂ 8.1ಕ್ಕೆ ನಿಂತಿತು. ಕೊನೆಗೆ ಡ್ರಿಪ್ ಹಾಕಿಸಿದರು. ಔಷಧಿ 3,400, ಬೆಡ್ಡಿಗೆ 800, ಎರಡು ಸಲ ಆಟೋ 360. ನಮ್ಮನೆಯವರ ಎರಡು ದಿನದ ಕೂಲಿಯೂ ಹೋಯಿತು.

ಆಮೇಲೆ ಗೊತ್ತಾಯಿತು, ಕಬ್ಬಿಣವನ್ನು ಕಟ್ಟಿಹಾಕುವುದು ಬರೀ ನಾರಲ್ಲ. ಅದರ ಜೊತೆ ಕಾಳಿನಲ್ಲಿ ಇರುವ ಫೈಟೇಟ್ ಅನ್ನೋ ವಸ್ತು, ರಾಗಿ ಸಿಪ್ಪೆಯ ಒಗರು, ಮೇಲೆ ಟೀಯ ಒಗರು. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತೆ. ಮೊದಲ ಸಲ ಮಳೆಗಾಲದಲ್ಲಿ ಎರಡು ಸೇರು ಕಟ್ಟಿದೆ. ಮೂರನೇ ದಿನ ಬಟ್ಟೆ ಬಿಚ್ಚಿದರೆ ಬಿಳೀ ಬೂಷ್ಟು, ಮುಗ್ಗಲು ವಾಸನೆ. ಅಷ್ಟೂ ತಿಪ್ಪೆಗೆ ಹೋಯಿತು. ಅತ್ತು ಬಿಟ್ಟೆ. ಈಗ ರಾತ್ರಿ ನೆನೆಸಿ, ಬೆಳಗ್ಗೆ ನೀರು ಪೂರ್ತಿ ಬಸಿದು ತೆಳ್ಳನೆ ಪಂಚೆಯಲ್ಲಿ ಕಟ್ಟುತ್ತೇನೆ. ಕಾಳಿನ ತುದಿಯಲ್ಲಿ ಬಿಳೀ ಮೊಳಕೆ ಎಳ್ಳಿನಷ್ಟು ಬಂದರೆ ಸಾಕು. ನೆರಳಲ್ಲಿ ಒಣಗಿಸಿ, ಬೇರು ಉಜ್ಜಿ ಕೇರಿ, ಹದವಾಗಿ ಹುರಿದು ಮಿಲ್ಲಿಗೆ. ಊಟಕ್ಕೆ ನಿಂಬೆಹಣ್ಣು ತಪ್ಪಿಸಲ್ಲ, ಅದು ಕಬ್ಬಿಣ ಮೈಗೆ ಹತ್ತಿಸುತ್ತೆ. ಟೀ ಎರಡು ಗಂಟೆ ಬಿಟ್ಟು. ಈಗ 11.6 ಇದೆ, ಮುದ್ದೆ ಬಿಟ್ಟಿಲ್ಲ.

ಹಳೇ ಬ್ಯಾಟರಿ, ಮಂಡ್ಯ
ನಾರು ಸೀಸವನ್ನು ಎಳೆದು ಹಾಕುತ್ತೆ ಅನ್ನೋ ಮಾತು ನಂಬಿ ಕೆಟ್ಟವನು ನಾನು. 11 ವರ್ಷ ಬ್ಯಾಟರಿ ಬಿಚ್ಚಿದೆ. ಸೀಸ 38 ಇತ್ತು. ಆರು ತಿಂಗಳು ದಿನಾ ಬಾಳೆದಿಂಡಿನ ರಸ ಕುಡಿದೆ. ಒಂದು ದಿಂಡಿಗೆ 20 ರೂಪಾಯಿ. ಮೈ ಶುದ್ಧಿ ಮಾಡುವ ಪುಡಿ ಅಂತ ಒಬ್ಬರು ಮಾರಿದರು, ಡಬ್ಬಿಗೆ 1,850, ನಾಲ್ಕು ಡಬ್ಬಿ. ಪರೀಕ್ಷೆಗೆ ಪ್ರತಿ ಸಲ 1,200. ಕೊನೆಗೆ ಬಂದಿದ್ದು 37!

ಹೊಟ್ಟೆಯಲ್ಲಿರುವ ಸೀಸದಲ್ಲಿ ಸ್ವಲ್ಪವನ್ನು ನಾರು ಹಿಡಿಯಬಹುದು. ರಕ್ತಕ್ಕೆ ಸೇರಿದ್ದನ್ನು, ಮೂಳೆಯಲ್ಲಿ ವರ್ಷಗಟ್ಟಲೆ ಕೂತಿದ್ದನ್ನು ಅದು ಹೇಗೆ ಎಳೆಯುತ್ತೆ? ಅಂಗಡಿಯಲ್ಲಿ ಊಟ ಮಾಡುವುದು ನಿಲ್ಲಿಸಿದೆ. ಬಟ್ಟೆ ಅಲ್ಲೇ ಬದಲಿಸಿ, ಸ್ನಾನ ಮಾಡಿಯೇ ಮಗನನ್ನು ಎತ್ತಿಕೊಳ್ಳುತ್ತಿದ್ದೆ. ಒಂದು ವರ್ಷಕ್ಕೆ 19 ಆಯಿತು. ನನ್ನ ಅಂಗಿ ಒದರಿ ಒಗೆಯುತ್ತಿದ್ದ ಹೆಂಡತಿಗೂ 14 ಇತ್ತು, ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ.

ಮದ್ದೂರು ಗೌಡ
ಬಾಳೆದಿಂಡಿಗೆ ಯಾಕಣ್ಣ ಬೈತೀರಿ? ನಮ್ಮಪ್ಪನ ಕಲ್ಲು ಅದರಲ್ಲೇ ಹೋಗಿದ್ದು. ಇನ್ನು ಮೊಳಕೆ ಕಟ್ಟಿದರೇ ರಾಗಿ, ಇಲ್ಲದಿದ್ದರೆ ವಿಷ ಅನ್ನೋ ಹಾಗೆ ಬರೀಬೇಡಿ. ನಮ್ಮಜ್ಜಿ 84 ವರ್ಷ ಬರೀ ಮುದ್ದೆ ಉಂಡು ಗದ್ದೆ ನಾಟಿ ಮಾಡಿದ್ದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಕಮ್ಮಿ ಆದವರಿಗೇ ಸೀಸ ಬೇಗ ಹತ್ತೋದು. ಸಿಟಿಯವರು ಹಿಟ್ಟನ್ನು ಬಟ್ಟೆಯಲ್ಲಿ ಜಾಲಿಸಿ ತೌಡು ಎಸೆಯುತ್ತಾರೆ. ತೌಡಿನ ಜೊತೆ ಕ್ಯಾಲ್ಸಿಯಂ ಕೂಡ ಹೋಗುತ್ತೆ, ಅದು ಗೊತ್ತಾ?

ಕುವೆಂಪುನಗರ ಮೇಷ್ಟ್ರು
ಗೌಡರೇ, ಕಾಳಿನಲ್ಲಿ ಇದೆ ಅಂದರೆ ಮೈಗೆ ಅಷ್ಟೂ ಹತ್ತುತ್ತೆ ಅಂತ ಅಲ್ಲ. ನಾರು ಮಾತ್ರೆಯನ್ನೂ ಹಿಡಿದುಕೊಳ್ಳುತ್ತೆ. ನಾನು ಬೆಳಗ್ಗೆ ಥೈರಾಯ್ಡ್ ಮಾತ್ರೆ ನುಂಗಿ, ಹತ್ತೇ ನಿಮಿಷಕ್ಕೆ ಮಲಬದ್ಧತೆಗೆ ಅಂತ ಇಸಬ್‌ಗೋಲು ಕುಡಿಯುತ್ತಿದ್ದೆ, ಅದೂ ನಾರೇ. ಮೂರು ತಿಂಗಳಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಮಾತ್ರೆ ಸಾಲದಿದ್ದರೆ ರಕ್ತದಲ್ಲಿ ಏರುವ ಅಂಕಿ) 3ರಿಂದ 11ಕ್ಕೆ ಹೋಯಿತು. ಡೋಸ್ ಏರಿಸಿದರು, ಎದೆ ಹೊಡೆದುಕೊಂಡಿತು. ಇಸಿಜಿ, ಎಕೋ, ಮತ್ತೆ ರಕ್ತ ಪರೀಕ್ಷೆ, ಒಟ್ಟು 4,650. ಇಸಬ್‌ಗೋಲು ಯಾವಾಗ ಕುಡಿಯುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಈಗ ನಾಲ್ಕು ಗಂಟೆ ಅಂತರ ಇಟ್ಟಿದ್ದೇನೆ.

ಇನ್ನೊಂದು ಮಾತು. 1994ರಲ್ಲಿ ಸ್ವೀಡನ್ನಿನ ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ನಾರು ಜಾಸ್ತಿ ತಿನ್ನುವವರ ಊಟದಲ್ಲಿ ಕ್ಯಾಡ್ಮಿಯಂ, ಅಂದರೆ ಸೀಸದ ಹಾಗೇ ವಿಷವಾದ ಇನ್ನೊಂದು ಲೋಹ, ಕೂಡ ಜಾಸ್ತಿ ಇತ್ತು, ಆದರೆ ರಕ್ತದಲ್ಲಿ ಅಷ್ಟು ಏರಿರಲಿಲ್ಲ. ಕಬ್ಬಿಣದ ದಾಸ್ತಾನು ಕಮ್ಮಿ ಇದ್ದ ಹೆಂಗಸರಲ್ಲಿ ಕ್ಯಾಡ್ಮಿಯಂ ಜಾಸ್ತಿ ಇತ್ತು. ಕರುಳಿನಲ್ಲಿ ಕಬ್ಬಿಣ ಒಳಗೆ ಹೋಗುವ ದಾರಿಯಲ್ಲೇ ಕ್ಯಾಡ್ಮಿಯಂ, ಸೀಸ ಇವೂ ನುಸುಳುತ್ತವೆ. ಕಬ್ಬಿಣ ಸಾಲದಿದ್ದರೆ ದೇಹ ಆ ದಾರಿಯನ್ನು ಅಗಲ ಮಾಡುತ್ತೆ.

ಮದ್ದೂರು ಗೌಡ
ಸ್ವೀಡನ್ನಿನವರು ಮುದ್ದೆ ಉಂಡಿದ್ದರಾ ಮೇಷ್ಟ್ರೇ?

ಕುವೆಂಪುನಗರ ಮೇಷ್ಟ್ರು
ಕರುಳು ಎಲ್ಲರಿಗೂ ಒಂದೇ. ಸುಮ್ನೆ ಅಜ್ಜಿ ವಯಸ್ಸು ತಂದು ವಾದ ಮಾಡಬೇಡಿ. ಆ ಕಾಲದಲ್ಲಿ ಹೆರಿಗೆಯಲ್ಲಿ ರಕ್ತ ಸಾಲದೆ ಹೋದವರನ್ನು ಯಾರು ಲೆಕ್ಕ ಇಟ್ಟಿದ್ದಾರೆ? ನನ್ನ ದೊಡ್ಡಮ್ಮ ಹಾಗೇ ಹೋದರು.

ಹಳೇ ಬ್ಯಾಟರಿ, ಮಂಡ್ಯ
ಜಗಳ ಆಮೇಲೆ. ಮನೆಯಲ್ಲಿ ಹಿತ್ತಾಳೆ ಪಾತ್ರೆ ಇದೆಯಾ ಅಂತ ಯಾರೂ ಕೇಳಲಿಲ್ಲ. ಕಲಾಯಿಗೆ ಶುದ್ಧ ತವರ ಬೇಕು. ತವರ ದುಬಾರಿ, ಸೀಸ ಅಗ್ಗ, ಅದಕ್ಕೇ ಬೆರೆಸುತ್ತಾರೆ. ಹುಳಿ ಸಾರು ಕುದಿಸಿದರೆ ಸೀಸ ಸಾರಿಗೆ ಇಳಿಯುತ್ತೆ.

ಮದ್ದೂರು ಗೌಡ
ನಮ್ಮೂರಿಗೆ ಬರೋ ಕಲಾಯಿಯವರು 30 ವರ್ಷದಿಂದ ಬರ್ತಾರೆ. ಒಂದು ದಿನ ಮೋಸ ಮಾಡಿಲ್ಲ.

ಹಳೇ ಬ್ಯಾಟರಿ, ಮಂಡ್ಯ
ಅವರು ಬೆರೆಸದೇ ಇರಬಹುದು ಅಣ್ಣ. ಅವರು ಕೊಂಡ ಕಡ್ಡಿಯಲ್ಲೇ ಬೆರೆತಿದ್ದರೆ? ಅವರಿಗೂ ಕಣ್ಣಿಗೆ ಕಾಣಲ್ಲ. ಸೀಸ ಕಾಯಿಸಿದ ಕೈ ನನ್ನದು, ಅದಕ್ಕೇ ಹೇಳಿದೆ.

ಹಳೇ ಮನೆಯವಳು, ಮೈಸೂರು
ಎಲ್ಲರೂ ಇಷ್ಟು ಬರೆದಿರಿ, ದೊಡ್ಡ ಉಪಕಾರ. ಕಿಟಕಿ ಅಂಚು, ನೆಲ ಒದ್ದೆ ಬಟ್ಟೆಯಲ್ಲಿ ದಿನಾ ಒರೆಸುತ್ತಿದ್ದೇವೆ, ಪೊರಕೆ ಮುಟ್ಟುತ್ತಿಲ್ಲ. ಅವಳ ಕೈಯನ್ನು ಗಂಟೆಗೊಮ್ಮೆ ತೊಳೆಸುತ್ತೇನೆ. ಸಿರಪ್ ಬೆಳಗ್ಗೆ ಕಿತ್ತಳೆ ರಸದಲ್ಲಿ ಕೊಟ್ಟೆ, ರಾಗಿ ಗಂಜಿ ಸಂಜೆಗೆ ಇಟ್ಟೆ. ಹಿತ್ತಾಳೆ ತಪ್ಪಲೆ ಅಟ್ಟಕ್ಕೆ ಹೋಯಿತು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ನಿನ್ನೆ ಅತ್ತೆಯೇ ಅರ್ಧ ಸೇರು ರಾಗಿ ನೆನೆಸಿದರು. ಅಕ್ಕ, ಕಟ್ಟಿದ ಮೇಲೆ ಬಟ್ಟೆಗೆ ನೀರು ಚಿಮುಕಿಸಬೇಕಾ?

ಪಾಂಡವಪುರದ ಅಕ್ಕ
ಬೇಸಿಗೆಯಲ್ಲಾದರೆ ಎರಡು ಸಲ. ಈಗ ಮೋಡ ಇದೆ, ಒಂದೇ ಸಲ ಸಾಕು, ಅದೂ ಬಟ್ಟೆ ಒಣಗಿದ್ದರೆ. ಮುಗ್ಗಲು ವಾಸನೆ ಸ್ವಲ್ಪ ಬಂದರೂ ಮಗುವಿಗೆ ಕೊಡಬೇಡ ತಾಯಿ, ಎಸೆದುಬಿಡು.