ನ್ಯಾನೋಟ್ಯೂಬ್ ಟಿಜಿಎ: 7% ಉಳಿಯುತ್ತಿದೆ, ಮಾಲು ಕಳಪೆಯಾ?

ಕಪ್ಪುಪುಡಿ: ತಲೆ ಕೆಟ್ಟುಹೋಗಿದೆ. ಕೊಂಡ ಕಾರ್ಬನ್ ನ್ಯಾನೋಟ್ಯೂಬ್ ಪುಡಿಯ ಡೇಟಾಶೀಟ್‌ನಲ್ಲಿ ಲೋಹ 5%ಗಿಂತ ಕಡಿಮೆ ಅಂತಿದೆ. ಟಿಜಿಎ (ಬಿಸಿ ಮಾಡುತ್ತಾ ತೂಕ ನೋಡುವ ಪರೀಕ್ಷೆ) ಮೂರು ಸಲ ಹಾಕಿದೆ, ಮೂರು ಸಲವೂ 7% ಉಳಿಯಿತು. ರಾಮನ್‌ನಲ್ಲಿ (ಲೇಸರ್ ಬೆಳಕಿನ ಪರೀಕ್ಷೆ) ಡಿ/ಜಿ, ಅಂದರೆ ದೋಷದ ಪೀಕ್‌ಗೂ ಗ್ರಾಫೈಟ್ ಪೀಕ್‌ಗೂ ಇರುವ ಅನುಪಾತ, 1.1. ಗೈಡ್‌ಗೆ ಏನು ಹೇಳಲಿ? ದುಡ್ಡು ವಾಪಸ್ ಕೇಳಲಾ?

ಕುಲುಮೆ: 1.1 ಅಂದ್ರೆ ಗೋಡೆ ತುಂಬಾ ದೋಷ. ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದ್ದಾರೆ, ನೂರಕ್ಕೆ ನೂರು.

ಜಿಬ್ಯಾಂಡ್: ಸಿಂಗಲ್‌ವಾಲ್ (ಒಂದೇ ಗೋಡೆಯ ಟ್ಯೂಬ್) ಆಗಿದ್ದರೆ ಒಪ್ಪುತ್ತೇನೆ ಸರ್. ಸಿವಿಡಿಯಲ್ಲಿ, ಅಂದರೆ ಅನಿಲದಿಂದ, ಬೆಳೆಸಿದ ಮಲ್ಟಿವಾಲ್‌ಗೆ (ಹಲವು ಗೋಡೆಯದು) 1ರ ಆಸುಪಾಸು ಮಾಮೂಲು. ಮೇಡಂ, ಯಾವುದು ಅಂತ ಹೇಳಲೇ ಇಲ್ಲವಲ್ಲ. ಲೇಸರ್ ಯಾವುದು? 532 ನ್ಯಾನೋಮೀಟರ್ ಲೇಸರ್‌ನ ಅನುಪಾತವನ್ನು 785ರದರ ಜೊತೆ ಹೋಲಿಸಬಾರದು.

ಕಪ್ಪುಪುಡಿ: ಮಲ್ಟಿವಾಲ್, 532. ಗೊತ್ತಿರುತ್ತದೆ ಅಂದುಕೊಂಡೆ.

ಕುಲುಮೆ: ಆದರೂ ಆಸಿಡ್ಡೇ. ಹೈಡ್ರೋಕ್ಲೋರಿಕ್‌ನಲ್ಲಿ ತೊಳೆದಿದ್ದರೆ ಟ್ಯೂಬ್ ಕೆಡದೆ, ಅದನ್ನು ಬೆಳೆಸಲು ಬಳಸಿದ ಕ್ಯಾಟಲಿಸ್ಟ್‌ನ ಕಬ್ಬಿಣ ಹೋಗುತ್ತಿತ್ತು.

ಜಿಬ್ಯಾಂಡ್: ಕಾರ್ಬನ್ ಪದರದೊಳಗೆ ಸಿಕ್ಕಿಕೊಂಡ ಕಬ್ಬಿಣ ಹೋಗಲ್ಲ ಸರ್. ಆಸಿಡ್ ಅದಕ್ಕೆ ತಾಗೋದೇ ಇಲ್ಲ.

ಕುಲುಮೆ: ಅದಕ್ಕೇ ನಾನು ಕೊಳ್ಳೋದೇ ಇಲ್ಲ. ಫೆರೋಸೀನ್ (ಕಬ್ಬಿಣಕ್ಕೆ), ಟೊಲುಯೀನ್ (ಕಾರ್ಬನ್‌ಗೆ), ಎರಡು ಝೋನ್ ಫರ್ನೇಸ್, ಮೀಟರ್ ಉದ್ದದ ಕ್ವಾರ್ಟ್ಜ್ ಟ್ಯೂಬ್. ಒಳಗೋಡೆಗೆ ಕಪ್ಪು ಕಂಬಳಿಯ ಹಾಗೆ ಬೆಳೆಯುತ್ತದೆ. ಫೋಟೋ ಹಾಕುತ್ತೇನೆ.

ತಕ್ಕಡಿ: ಫೋಟೋ ಆಮೇಲೆ. ಮೇಡಂ, ಟಿಜಿಎ ಗಾಳಿಯಲ್ಲಾ, ನೈಟ್ರೋಜನ್‌ನಲ್ಲಾ? ಪ್ಯಾನ್‌ನಲ್ಲಿ ಉಳಿದದ್ದು ಯಾವ ಬಣ್ಣ?

ಕಪ್ಪುಪುಡಿ: ಗಾಳಿ, 900 ಡಿಗ್ರಿವರೆಗೆ. ಈಗ ಹೋಗಿ ನೋಡಿದೆ. ಇಟ್ಟಿಗೆ ಪುಡಿ ತರಹ ಕೆಂಪಗಿದೆ, ಪ್ಯಾನ್ ತಳಕ್ಕೆ ತೆಳ್ಳಗೆ ಅಂಟಿಕೊಂಡಿದೆ.

ತಕ್ಕಡಿ: ಹಾಗಾದರೆ ನೀವು ತೂಗಿದ್ದು ಕಬ್ಬಿಣವನ್ನಲ್ಲ, ಕಬ್ಬಿಣದ ಆಕ್ಸೈಡನ್ನು. ಗಾಳಿಯಲ್ಲಿ ಸುಡುವಾಗ ಕಬ್ಬಿಣ ಆಕ್ಸಿಜನ್ ಹಿಡಿದುಕೊಳ್ಳುತ್ತದೆ, ತೂಕ ಏರುತ್ತದೆ. 160 ಗ್ರಾಂ ಆಕ್ಸೈಡ್‌ನಲ್ಲಿ ಕಬ್ಬಿಣ 112 ಗ್ರಾಂ ಮಾತ್ರ. ನಿಮ್ಮ 7ನ್ನು 0.7ರಿಂದ ಗುಣಿಸಿ. 4.9. ಕ್ಯಾಟಲಿಸ್ಟ್ ಬರೀ ಕಬ್ಬಿಣವೇನಾ ಅಂತ ಕೇಳಿಕೊಳ್ಳಿ. ಅಲ್ಯೂಮಿನಾ ಏನಾದರೂ ಇದ್ದರೆ ಲೆಕ್ಕ ಬೇರೆ.

ಕಪ್ಪುಪುಡಿ: ಅಬ್ಬಾ! ಜಗಳದ ಮೇಲ್ ಬರೆದಿಟ್ಟಿದ್ದೆ, ಪುಣ್ಯಕ್ಕೆ ಕಳಿಸಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ತಕ್ಕಡಿ: ಇಷ್ಟಕ್ಕೇ ಬಿಡಬೇಡಿ. ಕರ್ವ್‌ನಲ್ಲಿ 400 ಡಿಗ್ರಿಗೂ ಮುಂಚೆ ಒಂದು ಸಣ್ಣ ಇಳಿತ ಇದೆಯಾ ನೋಡಿ. ಇದ್ದರೆ ಅಮಾರ್ಫಸ್ (ಟ್ಯೂಬ್ ಆಗದ, ಕ್ರಮವಿಲ್ಲದ) ಕಾರ್ಬನ್ ಇರಬಹುದು, ಅದು ಟ್ಯೂಬ್‌ಗಿಂತ ಮೊದಲೇ ಸುಡುತ್ತದೆ. ಮೂರು ಸ್ಯಾಂಪಲ್ಲೂ ಚೀಲದ ಒಂದೇ ಮೂಲೆಯಿಂದ ತೆಗೆದದ್ದಾ?

ಕಪ್ಪುಪುಡಿ: ಹೌದು, ಮೇಲಿನಿಂದಲೇ. ನಾಳೆ ತಳದಿಂದ ತೆಗೆದು ಹಾಕುತ್ತೇನೆ.

ಕುಲುಮೆ: ಹಾಗೇ ಎಕ್ಸ್‌ಪಿಎಸ್ (ಮೇಲ್ಮೈಯಲ್ಲಿ ಯಾವ ಧಾತು ಎಷ್ಟಿದೆ ಅಂತ ಎಕ್ಸ್-ರೇಯಿಂದ ನೋಡುವ ಪರೀಕ್ಷೆ) ಕೂಡ ಮಾಡಿಸಿ. ಆಕ್ಸಿಜನ್ ಜಾಸ್ತಿ ಬಂದರೆ ಆಸಿಡ್ ಅಂತ ನಾನು ಹೇಳಿದ್ದೇ ಸರಿ.